ಇನ್ನೊಬ್ಬರ ನೋವಿನಲ್ಲೇ ಸುಖ ಕಾಣುವವರು ನಮ್ಮ ನಡುವೆ ಎಷ್ಟು ಮಂದಿ?

ಪ್ರಶ್ನೆ: ಕುಂಜಿಬೆಟ್ಟು, ಉಡುಪಿ

ಉಡುಪಿಗೆ ಸಮೀಪದ ಹಳ್ಳಿಶಾಲೆಯೊಂದರಲ್ಲಿ ನಾನು ಓದುತ್ತಿದ್ದಾಗ ನಮಗೆ ಇಬ್ಬರು ಮಾಸ್ಟ್ರಿದ್ದರು. ಒಬ್ಬರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ದಿನಕ್ಕೆ ನಾಲ್ಕೈದು ಮಕ್ಕಳಾದರೂ ಅವರ ಬೆತ್ತದ ರುಚಿ ಕಾಣದೆ ಮನೆಗೆ ಹೋಗುತ್ತಿರಲಿಲ್ಲ, ಆದರೆ ಹೊಡೆದ ಮರುಕ್ಷಣವೇ ಅದನ್ನು ಮರೆತು, ಅದೇ ಹುಡುಗನ ಹೆಗಲ ಮೇಲೆ ಕೈಯಿಟ್ಟು ಲೆಕ್ಕ ಹೇಳಿಕೊಡುತ್ತಿದ್ದರು. ಇನ್ನೊಬ್ಬರು ಹೊಡೆಯುತ್ತಿದ್ದುದೇ ಅಪರೂಪ. ದನಿ ಏರಿಸಿದ್ದನ್ನಂತೂ ನಾನು ಕೇಳಿಯೇ ಇಲ್ಲ. ಐದೂ ಬೆರಳುಗಳ ತುದಿ ಕೂಡಿಸಿ ಮೇಲಕ್ಕೆ ಹಿಡಿಯಲು ಹೇಳಿ, ಮರದ ಅಡಿಕೋಲಿನ ಅಂಚನ್ನು ಉಗುರುಗಳ ಮೇಲೆ ಎತ್ತಿ ಹಿಡಿದು, ಇಳಿಸದೆ ಕಾಯುತ್ತಿದ್ದರು. ಅವರ ದೃಷ್ಟಿ ಕೈಯ ಮೇಲಿರುತ್ತಿರಲಿಲ್ಲ, ಮಗುವಿನ ಮುಖದ ಮೇಲಿರುತ್ತಿತ್ತು. ತುಟಿ ನಡುಗಿ ಕಣ್ಣು ತುಂಬಿದ ಮೇಲೆಯೇ ಅಡಿಕೋಲು ಕೆಳಗಿಳಿಯುತ್ತಿತ್ತು. ಅಳದೆ ನಿಂತ ಮಗುವಿನ ಸರದಿ ಮರುದಿನ ಮತ್ತೆ ಬರುತ್ತಿತ್ತು.

ಇಷ್ಟು ವರ್ಷಗಳ ಮೇಲೆ ಇದು ನೆನಪಾಗಲು ಕಾರಣ, ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬಳು ರಾತ್ರಿ ಹನ್ನೊಂದರ ಮೇಲೆ ಹೊಸ ಮಕ್ಕಳನ್ನು ಕೋಣೆಗೆ ಕರೆಸಿ, ಮನೆಯವರ ಬಗ್ಗೆ ಹೇಳಲಾರದ ಮಾತುಗಳನ್ನು ಅವರ ಬಾಯಿಂದಲೇ ಹೇಳಿಸುತ್ತಾಳಂತೆ. "ದೊಡ್ಡಮ್ಮಾ, ಅವಳಿಗೆ ನಮ್ಮಿಂದ ಏನೂ ಆಗಬೇಕಾದ್ದಿಲ್ಲ. ನಾವು ಅಳುವುದನ್ನು ನೋಡಬೇಕು, ಅಷ್ಟೇ" ಎಂದು ಮಗು ಹೇಳಿದಾಗ ನನಗೆ ಆ ಅಡಿಕೋಲು ಕಣ್ಣ ಮುಂದೆ ಬಂತು.

ನನ್ನ ಪ್ರಶ್ನೆ ಇಷ್ಟು. ಇಂಥ ವಿಕೃತಾನಂದ, ನಾವು ಸ್ಯಾಡಿಸಂ ಎನ್ನುವುದು, ಜನರಲ್ಲಿ ಎಷ್ಟು ಸಾಮಾನ್ಯ? ಅಧಿಕಾರ ಕೈಗೆ ಬಂದ ಮೇಲೆ ಮನುಷ್ಯ ಹೀಗಾಗುತ್ತಾನೆಯೇ, ಅಥವಾ ಹೀಗಿರುವವರೇ ಅಧಿಕಾರದ ಕುರ್ಚಿಯನ್ನು ಹುಡುಕಿಕೊಂಡು ಹೋಗುತ್ತಾರೆಯೇ?

ಉತ್ತರ 1: ಕಂಕನಾಡಿ, ಮಂಗಳೂರು

ಮೇಡಂ, ನಾನು ಆಪ್ತಸಮಾಲೋಚಕ. ಹೊಡೆದವರನ್ನೂ ಹೊಡೆಸಿಕೊಂಡವರನ್ನೂ ಎದುರಿಗೆ ಕೂರಿಸಿಕೊಂಡು ಮಾತನಾಡುವುದು ನನ್ನ ದಿನದ ಕೆಲಸ. ನಿಮ್ಮ ಇಬ್ಬರು ಮಾಸ್ಟ್ರ ನಡುವಿನ ವ್ಯತ್ಯಾಸವನ್ನು ನೀವೇ ಸರಿಯಾಗಿ ಗುರುತಿಸಿದ್ದೀರಿ: ಹೆಚ್ಚು ಹೊಡೆದವರು ಒಬ್ಬರು, ನೋವಿಗಾಗಿ ಕಾದವರು ಇನ್ನೊಬ್ಬರು. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಎಣಿಕೆಗೆ ಇನ್ನೊಂದು ತೊಡಕೂ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಯು 1987ರ ಆವೃತ್ತಿಯ ಅನುಬಂಧದಲ್ಲಿ ಪರಪೀಡಕ ವ್ಯಕ್ತಿತ್ವ ದೋಷ ಎಂಬುದಕ್ಕೆ ಜಾಗ ಕೊಟ್ಟಿತ್ತು. 1994ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ಹೆಂಡತಿಯನ್ನು ಹಿಂಸಿಸಿದವನು ನ್ಯಾಯಾಲಯದಲ್ಲಿ "ಇದು ನನ್ನ ಕಾಯಿಲೆ" ಎಂದು ಕೈ ತೊಳೆದುಕೊಳ್ಳಬಹುದೆಂಬ ಆತಂಕವೂ ಆಗಿನ ಚರ್ಚೆಯಲ್ಲಿತ್ತು, ಆ ಆತಂಕ ನ್ಯಾಯವಾದದ್ದೆಂದೇ ನನ್ನ ಭಾವನೆ. ಹೀಗೆ ರೋಗದ ಪಟ್ಟಿಯಿಂದ ಹೊರಬಿದ್ದ ಮೇಲೆ, ಈ ಸ್ವಭಾವವನ್ನು ಸಾಮಾನ್ಯ ಜನರ ನಡುವೆಯೇ ಅಳೆಯಲು ಸಂಶೋಧಕರು ಹೊರಟರು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಬಕಲ್ಸ್ ಮತ್ತು ಪೌಲಸ್, ಜೋನ್ಸ್ ಎಂಬವರ ಜೊತೆಗೂಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಪ್ರಸಿದ್ಧವಾದದ್ದು. ಬಂದವರ ಮುಂದೆ ನಾಲ್ಕು ಅಹಿತಕರ ಕೆಲಸಗಳನ್ನಿಟ್ಟರು: ಯಂತ್ರದಲ್ಲಿ ಹುಳುಗಳನ್ನು ಕೊಲ್ಲುವುದು, ಕೊಲ್ಲಲು ನೆರವಾಗುವುದು, ಕೊಳಕು ಶೌಚಾಲಯ ತೊಳೆಯುವುದು, ಮಂಜುಗಡ್ಡೆಯಂಥ ನೀರಿನಲ್ಲಿ ಕೈಯಿಟ್ಟು ನೋವು ತಾಳುವುದು. ಹುಳುಗಳಿಗೆ ಮುದ್ದಾದ ಹೆಸರುಗಳನ್ನೂ ಇಟ್ಟಿದ್ದರು. ಕಾಫಿ ಪುಡಿ ಮಾಡುವ ಯಂತ್ರವನ್ನು ಮಾರ್ಪಡಿಸಿ, ಹುಳುವಿಗೆ ಅಪಾಯವಾಗದಂತೆ ಒಳಗೆ ತಡೆ ಇಟ್ಟಿದ್ದುದು ಬಂದವರಿಗೆ ತಿಳಿದಿರಲಿಲ್ಲ. ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಂದಿ ಕೊಲ್ಲುವುದನ್ನೇ ಆರಿಸಿಕೊಂಡರು. ಇವರೆಲ್ಲರೂ ಸ್ಯಾಡಿಸ್ಟರಲ್ಲ, ಶೌಚಾಲಯದ ಅಸಹ್ಯದಿಂದ ತಪ್ಪಿಸಿಕೊಂಡವರೂ ಅವರಲ್ಲಿದ್ದಾರು. ಆದರೆ ಪ್ರಶ್ನಾವಳಿಯಲ್ಲಿ ಪರಪೀಡನೆಯ ಅಂಕ ಹೆಚ್ಚಿದ್ದವರು ಆ ಕೆಲಸವನ್ನು ಹೆಚ್ಚಾಗಿ ಆರಿಸಿಕೊಂಡರು, ಮತ್ತು ಅದರಿಂದ ಖುಷಿ ಪಟ್ಟರು. ಅದೇ ತಂಡದ ಎರಡನೆಯ ಪ್ರಯೋಗವೇ ನನಗೆ ಮುಖ್ಯವೆನಿಸುತ್ತದೆ. ಯಾವ ತಪ್ಪನ್ನೂ ಮಾಡದ ಎದುರಾಳಿಯ ಕಿವಿಗೆ ಕರ್ಕಶ ಶಬ್ದ ಹಾಯಿಸುವ ಅವಕಾಶ ಬೇಕಿದ್ದರೆ ಮೊದಲು ಬೇಸರ ಹಿಡಿಸುವ ಕೆಲಸವೊಂದನ್ನು ಮಾಡಬೇಕಿತ್ತು. ಅಂಕ ಹೆಚ್ಚಿದ್ದವರು ಆ ಬೇಸರವನ್ನೂ ಸಹಿಸಿ ಅವಕಾಶ ಗಿಟ್ಟಿಸಿಕೊಂಡರು. ಸಿಟ್ಟಿನವನು ಸಿಟ್ಟು ಬಂದಾಗ ಹೊಡೆಯುತ್ತಾನೆ. ಇವನು ಅದಕ್ಕಾಗಿ ದುಡಿಯುತ್ತಾನೆ. ನಿಮ್ಮ ಎರಡನೆಯ ಮಾಸ್ಟ್ರು ಅಳದ ಮಗುವಿಗಾಗಿ ಮರುದಿನದವರೆಗೆ ಕಾಯುತ್ತಿದ್ದುದೂ ಇದೇ ಜಾತಿಯದು.

ಆದ್ದರಿಂದ ನನ್ನ ಉತ್ತರ: ಬೆಕ್ಕಿಗೆ ಚೆಲ್ಲಾಟ ಎನ್ನುವಷ್ಟರ ಸಣ್ಣ ರುಚಿ ಅನೇಕರಲ್ಲಿದೆ, ಅದಕ್ಕಾಗಿ ದುಡಿಯುವಷ್ಟು ತೀವ್ರವಾದ ಹಸಿವು ಕೆಲವೇ ಮಂದಿಯಲ್ಲಿದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಲ್‌ಗ್ರಾಂ ನಡೆಸಿದ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ. ತಪ್ಪು ಉತ್ತರ ಕೊಟ್ಟವನಿಗೆ ಗುಂಡಿ ಒತ್ತಿ ವಿದ್ಯುತ್ ಆಘಾತ ಕೊಡಬೇಕೆಂದು ಬಂದವರಿಗೆ ಹೇಳಿದ್ದರು, ಆಘಾತ ನಿಜವಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. 1963ರಲ್ಲಿ ಪ್ರಕಟವಾದ ಅದರಲ್ಲಿ 40 ಮಂದಿಯ ಪೈಕಿ 26 ಮಂದಿ, ಪಕ್ಕದಲ್ಲಿದ್ದ ಅಧಿಕಾರಿಯ ಮಾತಿಗೆ ಕಟ್ಟುಬಿದ್ದು, 450 ವೋಲ್ಟ್ ಎಂದು ಬರೆದಿದ್ದ ಕೊನೆಯ ಗುಂಡಿಯವರೆಗೂ ಹೋದರು. ಆದರೆ ಎಷ್ಟು ವೋಲ್ಟ್ ಎಂಬುದನ್ನು ಅವರವರ ಇಷ್ಟಕ್ಕೇ ಬಿಟ್ಟ ಇನ್ನೊಂದು ಪ್ರಯೋಗದಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೆಳಗಿನ ಗುಂಡಿಗಳಲ್ಲೇ ನಿಂತರೆಂಬುದನ್ನು ಹೇಳುವವರು ವಿರಳ. ಆ 26 ಮಂದಿಗೆ ನೋವು ಕೊಡುವ ಆಸೆಯಿತ್ತೆಂದು ಹೇಳಲಾಗದು. ಅವರು ಬೆವರುತ್ತ, ನಡುಗುತ್ತ ಗುಂಡಿ ಒತ್ತಿದರು, ಆದರೂ ಒತ್ತಿದರು.

ಉತ್ತರ 2: ಹಿರಿಯಡ್ಕ

ಹವ್ಯಾಸಕ್ಕಾಗಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು ನಾನು, ಮನಶ್ಶಾಸ್ತ್ರ ಬಲ್ಲವನಲ್ಲ. ಕೀಚಕನ ಪ್ರಸಂಗದಲ್ಲಿ ಸೈರಂಧ್ರಿಯನ್ನು ಅವನು ಒದೆಯುವುದು ಏಕಾಂತದಲ್ಲಲ್ಲ, ವಿರಾಟನ ತುಂಬಿದ ಸಭೆಯಲ್ಲಿ. ಕೀಚಕನ ಅರ್ಥ ನನಗೆ ಎಂದೂ ಕಷ್ಟವೆನಿಸಿಲ್ಲ. ಕಾಮ, ಮದ, ಭುಜಬಲ ಎಂದು ಮಾತು ತಾನಾಗಿ ಹರಿಯುತ್ತದೆ. ಕಷ್ಟವಾಗುವುದು ವಿರಾಟನ ಅರ್ಥ. ಅವನು ಕ್ರೂರಿಯಲ್ಲ, ನೋವಿನಲ್ಲಿ ಸುಖ ಕಾಣುವವನೂ ಅಲ್ಲ. ಭಾವಮೈದನೂ ಸೇನಾಪತಿಯೂ ಆದ ಕೀಚಕನನ್ನು ಬಿಟ್ಟರೆ ತನ್ನ ರಾಜ್ಯ ನಿಲ್ಲದೆಂಬ ಅಂಜಿಕೆಯಿಂದ ಸುಮ್ಮನೆ ಕುಳಿತವನು.

ಉತ್ತರ 3: ಮಲ್ಪೆ

ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದವನು ನಾನು. ಯಾವ ಠಾಣೆ, ಯಾವ ವರ್ಷ ಎಂಬುದನ್ನು ಹೇಳುವುದಿಲ್ಲ, ಆದರೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಠಾಣೆಯಲ್ಲಿ ನಾವು ಮೂವತ್ತಕ್ಕೂ ಹೆಚ್ಚು ಮಂದಿ ಇದ್ದೆವು. ಲಾಠಿ ಎಲ್ಲರ ಕೈಯಲ್ಲೂ ಇತ್ತು, ಸಮಯ ಬಂದಾಗ ನಾನೂ ಬೀಸಿದ್ದೇನೆ, ಅದರ ಬಗ್ಗೆ ನನಗೆ ಹೆಮ್ಮೆಯಿಲ್ಲ. ಆದರೆ ಆರೋಪಿಯನ್ನು ಕರೆತಂದರೆಂದು ಕೇಳಿ, ಡ್ಯೂಟಿ ಮುಗಿದರೂ ಮನೆಗೆ ಹೋಗದೆ ಉಳಿಯುತ್ತಿದ್ದವನು ಒಬ್ಬನೇ ಒಬ್ಬ. ಉಳಿದವರಿಗೆ ಅವನ ಜೊತೆ ಚಹಾ ಕುಡಿಯಲೂ ಮನಸ್ಸಿರಲಿಲ್ಲ. ಹಾಗಿದ್ದೂ ಬಾಯಿ ಬಿಡಿಸಬೇಕಾದ ಪ್ರಕರಣ ಬಂದಾಗ ಸಾಹೇಬರು ಕರೆಯುತ್ತಿದ್ದುದು ಅವನನ್ನೇ. ಅವನು ಒಳಗೆ ಹೋದ ಮೇಲೆ ಸಾಹೇಬರು ತಮ್ಮ ಕೋಣೆಯ ಬಾಗಿಲನ್ನು ತಾವೇ ಎದ್ದು ಮುಚ್ಚಿ, ಫ್ಯಾನಿನ ರೆಗ್ಯುಲೇಟರನ್ನು ಕೊನೆಯವರೆಗೂ ತಿರುಗಿಸುತ್ತಿದ್ದರು. ಹಳೆಯ ಫ್ಯಾನು, ಗಡಗಡ ಶಬ್ದ ಮಾಡುತ್ತಿತ್ತು. ಮಳೆಗಾಲದ ಚಳಿಯಲ್ಲೂ ಹೀಗೇ. ಸಾಹೇಬರು ಒಬ್ಬರ ಮೇಲೂ ಕೈ ಎತ್ತಿದವರಲ್ಲ.

ಮೇಡಂ, ಅಂಥವರು ಕುರ್ಚಿಯನ್ನು ಹುಡುಕಿಕೊಂಡು ಹೋಗುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಕಂಡಂತೆ ಅವರು ಕುರ್ಚಿಯವರೆಗೂ ಹೋಗಬೇಕಾದ್ದಿಲ್ಲ, ಕುರ್ಚಿಯಲ್ಲಿ ಇರುವವರೇ ಅವರನ್ನು ಹುಡುಕಿಕೊಳ್ಳುತ್ತಾರೆ.

ಇಂಥವರನ್ನು ತಯಾರಿಸಲೂ ಬಹುದು. ಗ್ರೀಸ್ ದೇಶದಲ್ಲಿ 1967ರಿಂದ 1974ರವರೆಗೆ ಸೇನಾಡಳಿತವಿದ್ದಾಗ ಕೈದಿಗಳನ್ನು ಹಿಂಸಿಸಿದ ಮಿಲಿಟರಿ ಪೊಲೀಸರನ್ನು ಅನಂತರ ಮೀಕಾ ಹಾರಿಟೋಸ್ ಫಟೂರೋಸ್ ಎಂಬ ಮನಶ್ಶಾಸ್ತ್ರಜ್ಞೆ ಭೇಟಿಯಾಗಿ ಮಾತನಾಡಿಸಿದರು. ಸೇನೆಗೆ ಸೇರುವ ಮೊದಲು ಅವರಲ್ಲಿ ಕ್ರೌರ್ಯದ ಲಕ್ಷಣವೇನೂ ಕಾಣಲಿಲ್ಲ. ತರಬೇತಿಯಲ್ಲಿ ಮೊದಲು ಅವರನ್ನೇ ಹೊಡೆದು, ಅವಮಾನಿಸಿ, ಆಮೇಲೆ ಕೈದಿಗಳಿಗೆ ಕಾವಲು ನಿಲ್ಲಿಸಿ, ಹೊಡೆಯುವುದನ್ನು ನೋಡಿಸಿ, ಕೊನೆಗೆ ಹೊಡೆಸಿದ್ದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮೇಲಿನ ಅಧಿಕಾರದ ಮಾತಿಗೆ ಜಲಿಯನ್‌ವಾಲಾಬಾಗ್ ಒಂದು ಸಾಕು. 1919ರ ಏಪ್ರಿಲ್ 13ರಂದು ಜನರಲ್ ಡಯರ್ ಸುಮಾರು ಹತ್ತು ನಿಮಿಷಗಳಲ್ಲಿ 1,650 ಗುಂಡು ಹಾರಿಸಿದ್ದನ್ನು ಕರ್ತವ್ಯವೆಂದು ಹಂಟರ್ ಸಮಿತಿಯ ಮುಂದೆ ಸಮರ್ಥಿಸಿಕೊಂಡ. ಸರ್ಕಾರದ ಲೆಕ್ಕದಲ್ಲೇ ಸತ್ತವರು 379. ಆದರೆ ಕೆಲವು ದಿನಗಳ ಮೇಲೆ ಅಮೃತಸರದ ಗಲ್ಲಿಯೊಂದರಲ್ಲಿ ಭಾರತೀಯರು ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕೆಂದು ಅವನು ಹೊರಡಿಸಿದ ಆಜ್ಞೆಯಿದೆಯಲ್ಲ, ಮನುಷ್ಯರು ತೆವಳುವುದನ್ನು ನೋಡುವುದರ ಹೊರತು ಅದರಿಂದ ಯಾವ ಶಾಂತಿಪಾಲನೆ ಆಗುತ್ತಿತ್ತು? ಅಂಥವನಿಗಾಗಿ ಇಂಗ್ಲೆಂಡಿನ ಪತ್ರಿಕೆಯೊಂದು ನಿಧಿ ಕೂಡಿಸಿದಾಗ 26 ಸಾವಿರ ಪೌಂಡು ಸೇರಿತು. ಆ ಹಣ ಕೊಟ್ಟ ಸಾವಿರಾರು ಮಂದಿಯೂ ಸ್ಯಾಡಿಸ್ಟರೆಂದು ನಾನು ನಂಬಲಾರೆ.

ನಮ್ಮ ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ಪ್ರಕರಣದಲ್ಲಿ ಬಂಧನದ ನಿಯಮಗಳನ್ನು ಹಾಕಿಕೊಟ್ಟಿತು, 2020ರಲ್ಲಿ ಪ್ರತಿ ಠಾಣೆಗೂ ಸಿಸಿಟಿವಿ ಕಡ್ಡಾಯ ಮಾಡಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ ಭಾರತ ಅದನ್ನು ಅನುಮೋದಿಸಿಲ್ಲ. ಆ ಫ್ಯಾನಿನ ಕಾಲದಲ್ಲಿ ಲಾಕಪ್ಪಿನೆದುರು ಒಂದು ಕ್ಯಾಮೆರಾ ಇದ್ದಿದ್ದರೆ ಅವನು ಡ್ಯೂಟಿ ಮುಗಿದೊಡನೆ ಮನೆಗೆ ಹೋಗುತ್ತಿದ್ದನೆಂದು ನನಗೆ ಅನ್ನಿಸುತ್ತದೆ.

ಉತ್ತರ 4: ಬಲ್ಮಠ, ಮಂಗಳೂರು

ಅಕ್ಕಾ, ನಾನು ನರ್ಸಿಂಗ್ ಕಾಲೇಜೊಂದರಲ್ಲಿ ಉಪನ್ಯಾಸಕಿ. ಉಳಿದವರ ಮಾತು ಮನಸ್ಸಿಗೆ ನಾಟಿತು, ಆದರೆ ಮಗುವಿನ ವಿಷಯ ಇಂದಿನದು. ಅದಕ್ಕೆ ಮೊದಲು ಬರುತ್ತೇನೆ.

ಆ ಸೀನಿಯರ್ ಹುಡುಗಿ ನಿಜಕ್ಕೂ ಸ್ಯಾಡಿಸ್ಟಳೇ ಎಂಬುದನ್ನು ನೀವು ಸಾಬೀತು ಮಾಡಬೇಕಾಗಿಯೇ ಇಲ್ಲ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ವಿದ್ಯಾರ್ಥಿಯ ಮಾನಸಿಕ ಆರೋಗ್ಯವನ್ನೂ ಆತ್ಮವಿಶ್ವಾಸವನ್ನೂ ಕುಗ್ಗಿಸುವ ಕೃತ್ಯವನ್ನು ರ‍್ಯಾಗಿಂಗ್ ಎನ್ನುತ್ತವೆ, ಅದರ ಹಿಂದೆ ಪರಪೀಡನೆಯ ಸುಖ ಪಡೆಯುವ ಉದ್ದೇಶವಿರಲಿ, ಇಲ್ಲದಿರಲಿ. ಆ ವರ್ಷ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗಿಗೆ ಬಲಿಯಾದ ಮೇಲೆ ಬಂದ ನಿಯಮಗಳಿವು. ಸಹಾಯವಾಣಿಗೆ (1800-180-5522) ಹೆಸರು ಹೇಳದೆಯೂ ದೂರು ಕೊಡಬಹುದು.

ನಾನು ಕಂಡ ಸೀನಿಯರ್‌ಗಳಲ್ಲಿ ಹೆಚ್ಚಿನವರು ಮೊದಲ ವರ್ಷ ತಾವೇ ಅತ್ತವರು. ವಾರ್ಡಿನಲ್ಲಿ ಎಲ್ಲರಿಂದಲೂ ಬೈಸಿಕೊಂಡು ಬರುತ್ತಾರೆ, ಹಗಲಿಡೀ ಅವರಿಗೆ ಕವಡೆಯಷ್ಟೂ ಬೆಲೆಯಿರುವುದಿಲ್ಲ, ರಾತ್ರಿ ಹಾಸ್ಟೆಲಿನಲ್ಲಿ ಮಾತ್ರ ಹತ್ತು ಮಕ್ಕಳ ಮೇಲೆ ಪೂರ್ತಿ ಅಧಿಕಾರ. ಫಾಸ್ಟ್, ಹಾಲೆವಿ, ಗಲಿನ್ಸ್ಕಿ ಎಂಬ ಸಂಶೋಧಕರು 2012ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಜೊತೆಗಾರನಿಗೆ ಯಾವ ಕೆಲಸ ಹೇಳಬೇಕೆಂದು ಆರಿಸಲು ಬಿಟ್ಟಾಗ, ಅಧಿಕಾರವಿದ್ದೂ ಗೌರವವಿಲ್ಲದ ಸ್ಥಾನದಲ್ಲಿ ಕೂರಿಸಲ್ಪಟ್ಟವರೇ ನಾಯಿಯಂತೆ ಬೊಗಳಿಸುವಂಥ ಅವಮಾನದ ಕೆಲಸಗಳನ್ನು ಹೆಚ್ಚಾಗಿ ಆರಿಸಿದರು. ಅಧಿಕಾರದ ಜೊತೆಗೆ ಗೌರವವೂ ಇದ್ದವರು ಹಾಗೆ ಮಾಡಲಿಲ್ಲ. ಪ್ರಯೋಗ ಚಿಕ್ಕದು, ಅದರ ಮೇಲೆ ಮನೆ ಕಟ್ಟಲಾಗದು, ಆದರೂ ನನ್ನ ಕಣ್ಣಿಗೆ ಅದು ನಮ್ಮ ಹಾಸ್ಟೆಲಿನ ಕಾರಿಡಾರಿನಂತೆಯೇ ಕಂಡಿತು.

ಮಗು ತಾರೀಕು, ಹೊತ್ತು, ಕೋಣೆಯ ಸಂಖ್ಯೆ, ಬಾಗಿಲಿಗೆ ಚಿಲಕ ಹಾಕಿತ್ತೇ, ಅಲ್ಲಿ ಇನ್ನು ಯಾರು ಯಾರು ಇದ್ದರು ಎಂಬುದನ್ನೆಲ್ಲ ಇವತ್ತೇ ಬರೆದಿಡಲಿ. ನೋಡುತ್ತ ನಿಂತವರ ಹೆಸರುಗಳನ್ನು ಬಿಡುವುದು ಬೇಡ.

ಪ್ರಶ್ನೆ ಕೇಳಿದವರಿಂದ: ಕುಂಜಿಬೆಟ್ಟು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮಗು ಫೋನಿನಲ್ಲಿ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಆ ಕೋಣೆಯಲ್ಲಿ ಆರು ಮಂದಿ ಸೀನಿಯರ್‌ಗಳಿದ್ದರು. ಹಿಂಸಿಸಿದವಳು ಒಬ್ಬಳು, ಕೂತು ನಕ್ಕವರು ಇಬ್ಬರು, ಉಳಿದ ಮೂವರು ಪುಸ್ತಕ ತೆರೆದು ಓದುತ್ತಿದ್ದರಂತೆ.

ಮಲ್ಪೆಯ ಹಿರಿಯರು ಬರೆದದ್ದನ್ನು ಓದುವಾಗ, ಇಷ್ಟು ವರ್ಷ ನೆನಪಿಗೇ ಬಾರದಿದ್ದ ಸಂಗತಿಯೊಂದು ಮೇಲೆದ್ದು ಬಂತು. ನಮ್ಮ ಶಾಲೆಯಲ್ಲಿ ಐದನೆಯ ತರಗತಿಗೂ ಆರನೆಯದಕ್ಕೂ ನಡುವೆ ಇದ್ದುದು ಒಂದು ಬಿದಿರಿನ ತಟ್ಟಿ. ಈ ಕಡೆ ಮಗು ಅಳತೊಡಗಿದಾಗ ಆ ಕಡೆಯಿಂದ, ಹೆಗಲ ಮೇಲೆ ಕೈಯಿಟ್ಟು ಕಲಿಸುತ್ತಿದ್ದ ನನ್ನ ಪ್ರೀತಿಯ ಮಾಸ್ಟ್ರು ಮಗ್ಗಿಯನ್ನು ಇನ್ನೂ ಗಟ್ಟಿಯಾಗಿ ಹೇಳಿಸುತ್ತಿದ್ದರು. ಈಗ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆಗಲೂ ತಟ್ಟಿಯ ಆಚೆಯಿಂದ ಒಬ್ಬರು ಎದ್ದು ಬರಬಹುದಿತ್ತು.

ದೂರಿನಲ್ಲಿ ಆರೂ ಹೆಸರುಗಳನ್ನು ಬರೆದಿದ್ದೇವೆ. ಸೋಮವಾರ ನಾನೂ ನನ್ನ ತಂಗಿಯೂ ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗಿ ಪ್ರಾಂಶುಪಾಲರ ಕೈಗೇ ಕೊಟ್ಟು, ಸ್ವೀಕೃತಿಯ ಸಹಿ ಪಡೆದು ಬರುತ್ತೇವೆ.