‘ಹಂಗ್ರಿ ಘೋಸ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಿಂಗಪುರದ ಚೀನೀಯರು ತಮ್ಮ ಚಾಂದ್ರಮಾನ ಪಂಚಾಂಗದ ಏಳನೇ ತಿಂಗಳಲ್ಲಿ ಸತ್ತವರಿಗಾಗಿ ಮಾಡುವ ಆಚರಣೆ ಬಗ್ಗೆ ಇಲ್ಲಿಯ ಕನ್ನಡಿಗರಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಹಬ್ಬದ ಹೆಸರೇ. ಇಂಗ್ಲಿಷಿನಲ್ಲಿ ‘ಹಂಗ್ರಿ ಘೋಸ್ಟ್ ಫೆಸ್ಟಿವಲ್’. ‘ಹಸಿದ ದೆವ್ವಗಳ ಹಬ್ಬ’ ಎಂದರೆ ಮಕ್ಕಳ ಕತೆ ಥರ ಕೇಳಿಸುತ್ತದೆ. ತಮಾಷೆ ಏನೆಂದರೆ, ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ನಮ್ಮ ‘ಪ್ರೇತ’ಕ್ಕೇ ‘ಅ-ಗುಯ್’ ಎಂಬ ಪದ ಇಟ್ಟರು. ಅದೇ ಇಂಗ್ಲಿಷಿಗೆ ಹೋಗಿ ‘ಹಂಗ್ರಿ ಘೋಸ್ಟ್’ ಆಯಿತು. ಹಾಗಾದರೆ ಸುಮ್ನೆ ‘ಪ್ರೇತ’ ಎಂದರೆ ಸಾಕಲ್ವಾ? ಸಾಲದು. ನಮ್ಮಲ್ಲಿ ಸಪಿಂಡೀಕರಣ (ತೀರಿಹೋದವರನ್ನು ಹಿರಿಯರ ಸಾಲಿಗೆ ಸೇರಿಸುವ ಕರ್ಮ) ಆಗುವ ತನಕ ಪ್ರೇತ, ಆಮೇಲೆ ಪಿತೃ. ಇಲ್ಲಿ ಈ ತಿಂಗಳು ಎಡೆ ಇಡುವುದು ಮನೆಯ ಹಿರಿಯರಿಗೂ ಹೌದು, ಹಿಂದೆಮುಂದೆ ಯಾರೂ ಇಲ್ಲದೆ ಅಲೆಯುವವರಿಗೂ ಹೌದು. ತೀರಿಹೋದ ಅಜ್ಜಿಯನ್ನು ಪ್ರೇತ ಎಂದು ಬರೆದರೆ ಯಾರು ಸುಮ್ಮನಿರುತ್ತಾರೆ? ಅಲೆಯುವವರನ್ನೂ ಚೀನೀಯರು ನೇರವಾಗಿ ಹೆಸರಿಸುವುದು ಕಡಿಮೆ. ‘ಒಳ್ಳೆಯ ಅಣ್ಣತಮ್ಮಂದಿರು’ ಎನ್ನುತ್ತಾರೆ, ನಮ್ಮಲ್ಲಿ ‘ಗಾಳಿ’ ಅನ್ನುವ ಹಾಗೆ.

ಎರಡನೆಯದು, ಹಣವೆಂದು ಸುಡುವ ಕಾಗದ. ಸರ್ಕಾರಿ ವಸತಿಯ ಬ್ಲಾಕುಗಳ ಕೆಳಗೆ ಟೌನ್ ಕೌನ್ಸಿಲಿನವರು ಲೋಹದ ತೊಟ್ಟಿ ಇಟ್ಟಿರುತ್ತಾರೆ. ಸಂಜೆ ಆಫೀಸಿನಿಂದ ಬಂದವರು ಹೆಗಲಿನ ಬ್ಯಾಗನ್ನೂ ಇಳಿಸದೆ ಕಟ್ಟು ಬಿಚ್ಚಿ, ಒಂದೊಂದೇ ಹಾಳೆ ಮಡಚಿ ಬೆಂಕಿಗೆ ಹಾಕುತ್ತಾರೆ. ಜೊತೆಗೆ ಕಾಗದದ ಅಂಗಿ, ಕಾಗದದ ಮೊಬೈಲು. ಬೂದಿ ಹಾರಿ ಮೇಲಿನ ಮನೆಗಳ ಬಟ್ಟೆಗೆ ಮೆತ್ತುತ್ತದೆ, ಅದು ಬೇರೆ ಜಗಳ. ಈ ಹಾಳೆಗೆ ‘ಪ್ರೇತದ ಹಣ’ ಎಂದು ಬರೆದಿದ್ದೆ. ಆದರೆ ಅದರಲ್ಲೂ ಎರಡು ಬಗೆ: ಚಿನ್ನದ ಬಣ್ಣದ್ದು ದೇವರಿಗೆ, ಬೆಳ್ಳಿಯದು ಹಿರಿಯರಿಗೆ ಮತ್ತು ಅಲೆಯುವವರಿಗೆ. ಹಾಗಾಗಿ ಆ ಪದ ಎರಡಕ್ಕೂ ಹೊಂದುವುದಿಲ್ಲ. ‘ಎಡೆಹಾಳೆ’ ಎನ್ನಬಹುದಾ? ಎಡೆ ಎಂದ ಕೂಡಲೇ ಊಟವೇ ಕಣ್ಮುಂದೆ ಬರುತ್ತದಾ?

ಈ ತಿಂಗಳ ಹಾಡಿನ ವೇದಿಕೆ ‘ಗೇಟೈ’ಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮೊದಲ ಸಾಲಿನ ಕುರ್ಚಿಗಳನ್ನು ಅಲ್ಲಿ ಖಾಲಿ ಬಿಡುತ್ತಾರೆ. ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕರಾವಳಿಯವರಿಗೆ ಒಂದು ಪ್ರಶ್ನೆ. ತುಳುವಿನ ‘ಕುಲೆ’ (ಸತ್ತವರ ಆತ್ಮ) ಪದವನ್ನು ನಿಮ್ಮ ಮನೆಯಲ್ಲಿ ಸ್ವಂತ ಹಿರಿಯರಿಗೂ ಗುರುತಿಲ್ಲದವರಿಗೂ ಒಂದೇ ಥರ ಬಳಸುತ್ತೀರಾ? ಕನ್ನಡದಲ್ಲಿ ಮಾತಾಡುವಾಗ ಅದರ ಬದಲಿಗೆ ಏನು ಹೇಳುತ್ತೀರಿ?