ಮೂಟ್ ಕೋರ್ಟಿಗೆ ಬಿಳಿ ರಂಜಕದ ವಿಷಯ ಬಂದಿದೆ, ಅನುಭವ ಇದ್ದವರು ಹೇಳಿ

ಶಿರಸಿ, ಕಾನೂನು ವಿದ್ಯಾರ್ಥಿನಿ: ಮುಂದಿನ ತಿಂಗಳು ಧಾರವಾಡದಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ. ಊರೊಂದರ ಮೇಲೆ, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ಬಿಳಿ ರಂಜಕದ (ವೈಟ್ ಫಾಸ್ಫರಸ್) ಶೆಲ್ ಹಾರಿಸಿದ ದೇಶದ ಪರ ವಾದಿಸಲಾ, ವಿರುದ್ಧವಾ? ಆಯ್ಕೆ ನಮ್ಮದೇ. ಮೊದಲು ಮಾಡಿದವರು ತಿಳಿಸಿ.

ಅಂಕೋಲಾ ವಕೀಲ: ತಂಗೀ, ವಿರುದ್ಧ ವಾದಿಸಿ ಸೋತವ ನಾನು. ಮೆಮೋರಿಯಲ್ (ಲಿಖಿತ ವಾದ) ಆರು ಪ್ರತಿ, ಝೆರಾಕ್ಸಿಗೆ 1,140 ರೂಪಾಯಿ, ಬೈಂಡಿಂಗಿಗೆ 360. ಒಂದು ಪುಟ ತಲೆಕೆಳಗಾಗಿ ಕೂತಿತ್ತು, ಬಿಚ್ಚಿಸಿ ಮತ್ತೆ ಹಾಕಿಸಲು ಇನ್ನೊಂದು 60. ಅರಬೈಲ್ ಘಟ್ಟದಲ್ಲಿ ಬಸ್ಸು ಕೆಟ್ಟು ಮೂರು ತಾಸು ನಿಂತೆವು. ಅಷ್ಟೆಲ್ಲ ಮಾಡಿ, ಆಯುಧಗಳಿಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ, ಬೆಂಕಿ ಆಯುಧಗಳ ಬಗೆಗಿನ ಮೂರನೇ ಪ್ರೋಟೊಕಾಲಿನ ಮೊದಲ ವಿಧಿಯಲ್ಲೇ ಬಿದ್ದೆ. ಬೆಂಕಿ ಹಚ್ಚಲು, ಸುಡಲು ಎಂದೇ ಮುಖ್ಯವಾಗಿ ತಯಾರಾದದ್ದು ಮಾತ್ರ ಅದರ ಹಿಡಿತಕ್ಕೆ ಬರುತ್ತದೆ. ಹೊಗೆಗೆ, ಬೆಳಕಿಗೆ ಮಾಡಿದ್ದು ಹೊರಗೆ. ನಾನು 1972ರಲ್ಲಿ ವಿಯೆಟ್ನಾಮಿನ ತ್ರಾಂಗ್ ಬಾಂಗಿನ ಮೇಲೆ ಬಿದ್ದ ನೇಪಾಮ್ ಬೆಂಕಿ ಬಾಂಬಿನ ಕತೆ ಹೇಳುತ್ತಿದ್ದೆ, ಎದುರಿನವ 'ಇದು ಹೊಗೆಯ ಶೆಲ್' ಅಂದು ಕೂತ. ನಾಗರಿಕ, ಸೈನಿಕ ಎಂದು ನೋಡದೆ ಮಾಡಿದ ದಾಳಿ ಎಂದು ಹಿಡಿದಿದ್ದರೆ ಪ್ರೋಟೊಕಾಲೇ ಬೇಕಿರಲಿಲ್ಲ, ಯಾವ ಆಯುಧದಿಂದಾದರೂ ಅದು ತಪ್ಪೇ. ಇದು ಹೊಳೆದದ್ದು ತಿರುಗಿ ಬರುವಾಗ.

ಕಾರವಾರ, ನೌಕಾಪಡೆ ನಿವೃತ್ತ: ಆ ಎದುರಿನವ ಹೇಳಿದ್ದು ಸರಿಯೇ ಇತ್ತು. ಹೊಗೆಯ ಮರೆ ಇಲ್ಲದಿದ್ದರೆ ನಮ್ಮ ಹುಡುಗರು ಸಾಯುತ್ತಾರೆ ವಕೀಲರೇ. 19 ವರ್ಷ ಸೇವೆ ಮಾಡಿದ್ದೇನೆ. ತರಬೇತಿಯಲ್ಲಿ ಒಬ್ಬನ ಮುಂಗೈಗೆ ರಂಜಕದ ಚೂರು ಹತ್ತಿತು. ಒದ್ದೆ ಬಟ್ಟೆ ಸುತ್ತಿದೆವು, ಹೊಗೆ ನಿಂತಿತು. ಆಸ್ಪತ್ರೆ ದಾರಿಯಲ್ಲಿ ಬಟ್ಟೆ ಒಣಗಿದ್ದೇ ತಡ, ಅಂಚಿನಿಂದ ಮತ್ತೆ ಹೊಗೆ! ಬೆಳ್ಳುಳ್ಳಿ ಸುಟ್ಟ ಹಾಗೆ ವಾಸನೆ. ಇಷ್ಟು ಕಂಡೂ ಪೂರ್ತಿ ನಿಷೇಧ ಬೇಡ ಅನ್ನುತ್ತೇನೆ.

ಅಂಕೋಲಾ ವಕೀಲ: ಅದೇ ಚೂರು ಮಗುವಿನ ಬೆನ್ನ ಮೇಲೆ ಬಿದ್ದರೆ ಹೊಗೆಯ ಮರೆ ಎನ್ನುತ್ತೀರಾ? ಪ್ರೋಟೊಕಾಲಿನ ಪ್ರಕಾರ ವಿಮಾನದಿಂದ ಜನವಸತಿಯ ನಡುವೆ ಬೆಂಕಿ ಬಾಂಬು ಹಾಕಲೇಬಾರದು. ಫಿರಂಗಿಯಿಂದಾದರೆ ಷರತ್ತಿನ ಮೇಲೆ ಹಾಕಬಹುದು. ಸುಟ್ಟ ಚರ್ಮಕ್ಕೆ ಈ ಭೇದ ಗೊತ್ತೇ?

ಶಿರಸಿ, ಅಡಿಕೆ ಬೆಳೆಗಾರ: ಕಾಡಿನ ಮಾತು ಯಾರೂ ಎತ್ತಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯಲ್ಲಿ ಕಡಿಯಲು ಬಿಡದೆ ಮರ ಅಪ್ಪಿಕೊಂಡಾಗ (ಅಪ್ಪಿಕೋ ಚಳವಳಿ) ನಾನು ಒಂಬತ್ತನೇ ಇಯತ್ತೆ, ಅಪ್ಪನ ಜೊತೆ ಹೋಗಿದ್ದೆ. ಅದೇ ಡಿಸೆಂಬರ್ 2ಕ್ಕೆ ಈ ಒಪ್ಪಂದ ಜಾರಿಯಾಯಿತು. ಕಾಡಿಗೆ ಬೆಂಕಿ ಹಾಕಬಾರದು ಎಂದಿದೆ, ಸೈನಿಕರು ಅದರಲ್ಲಿ ಅಡಗಿದ್ದರೆ ಹಾಕಬಹುದಂತೆ. ಯುದ್ಧದಲ್ಲಿ ಕಾಡಿಗೆ ಹೋದವರು ಅಡಗದೆ ಇನ್ನೆಂತ ಮಾಡುತ್ತಾರೆ? ಇದನ್ನೇ 14 ಪುಟ ಬರೆದು ಒಂದು ಸ್ಪರ್ಧೆಗೆ ಕಳಿಸಿದ್ದೆ. ವಿಷಯಾಂತರ ಎಂದು ವಾಪಸು ಬಂತು. ಇಂದಿಗೂ ಹೊಟ್ಟೆ ಉರಿಯುತ್ತದೆ.

ಕಾರವಾರ, ನೌಕಾಪಡೆ ನಿವೃತ್ತ: ಪ್ರತಿ ಬೇಸಿಗೆ ನಿಮ್ಮ ಘಟ್ಟದ ಮೇಲೇ ಬೆಟ್ಟಕ್ಕೆ ಬೆಂಕಿ ಬೀಳುತ್ತದೆ. ಅದನ್ನು ಯಾವ ಸೈನಿಕ ಹಚ್ಚಿದ?

ಶಿರಸಿ, ಅಡಿಕೆ ಬೆಳೆಗಾರ: ನಾಲಗೆ ಬಿಗಿಹಿಡಿಯಿರಿ. ಸೊಪ್ಪಿನ ಬೆಟ್ಟ ಸುಟ್ಟುಕೊಂಡರೆ ತೋಟಕ್ಕೆ ದರಕು (ಒಣ ಎಲೆ) ಎಲ್ಲಿಂದ ತರುವುದು? ಹೋದ ಮಾರ್ಚಿನಲ್ಲಿ ಹಸಿ ಟೊಂಗೆ ಹಿಡಿದು ಬೆಳಗಿನ ಜಾವದವರೆಗೆ ಬಡಿದವರು ನಾವು ಐದೇ ಜನ.

ಶಿರಸಿ, ಕಾನೂನು ವಿದ್ಯಾರ್ಥಿನಿ: ಅಣ್ಣಾ, ಆ 14 ಪುಟ ಇನ್ನೂ ಇದ್ದರೆ ಕೊಡುತ್ತೀರಾ? ವಿರುದ್ಧ ವಾದಿಸುತ್ತೇವೆ.