ಸಹಾಯ ಬೇಕು: ತಂಗಿಗೆ ಬಿ.ಫಾರ್ಮೋ, ಫಾರ್ಮ್.ಡಿಯೋ?

ನಮಸ್ಕಾರ, ನಾವು ತೀರ್ಥಹಳ್ಳಿ ಕಡೆಯವರು. ತಂಗಿ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಔಷಧದ ಓದೇ ಬೇಕು ಅನ್ನುತ್ತಿದ್ದಾಳೆ. ಅಜ್ಜನ ಬಿಪಿ ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರವನ್ನೂ ಬಿಡದೆ ಓದುವವಳು ಅವಳು.

ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತ ಇಲ್ಲವೇ ಜೀವಶಾಸ್ತ್ರ ಇದ್ದರೆ ಸೇರಲು ಸಾಕು, ಅಲ್ವಾ? ಅವಳದು ಜೀವಶಾಸ್ತ್ರ. ಅಂಥವರಿಗೆ ಬಿ.ಫಾರ್ಮ್ ಮೊದಲ ಸೆಮಿಸ್ಟರ್‌ನಲ್ಲಿ ರೆಮಿಡಿಯಲ್ ಮ್ಯಾಥ್ಸ್ (ಪಿಯುಸಿಯಲ್ಲಿ ಗಣಿತ ಓದದವರಿಗೆ ಕಲಿಸುವ ಗಣಿತ) ಇರುತ್ತದೆ. ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅದು ತುಂಬಾ ಕಷ್ಟವಾಗುತ್ತದಾ? ನನಗೆ ಅದೇ ಜಾಸ್ತಿ ಚಿಂತೆ.

ಬಿ.ಫಾರ್ಮ್ 4 ವರ್ಷ. ಔಷಧ ತಯಾರಿ, ಗುಣಮಟ್ಟದ ಪರೀಕ್ಷೆ ಎಲ್ಲ ಕಲಿಸುತ್ತಾರೆ. ಫಾರ್ಮ್.ಡಿ 6 ವರ್ಷ, ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅವಳಿಗೆ ರೋಗಿಗಳ ಜೊತೆ ಕೆಲಸ ಮಾಡುವ ಆಸೆ. ಮನೆಯಲ್ಲಿ 6 ವರ್ಷದ ಫೀಸಿಗೆ ಹಿಂಜರಿಯುತ್ತಿದ್ದಾರೆ.

ಇವೆರಡರಲ್ಲಿ ಯಾವುದನ್ನಾದರೂ ಓದಿದವರು ದಯವಿಟ್ಟು ಹೇಳಿ. ಶಿವಮೊಗ್ಗ ಸುತ್ತಮುತ್ತ ಪ್ರಾಕ್ಟಿಕಲ್ ಚೆನ್ನಾಗಿ ಮಾಡಿಸುವ ಕಾಲೇಜು ಯಾವುದು? ಆಪ್ಷನ್ ಎಂಟ್ರಿಗೆ (ಸಿಇಟಿ ಸೀಟಿಗೆ ಬೇಕಾದ ಕಾಲೇಜು, ಕೋರ್ಸ್ ಆಯ್ಕೆ ತುಂಬುವುದಕ್ಕೆ) ಮುಂಚೆ ತಿಳಿದರೆ ದೊಡ್ಡ ಉಪಕಾರ.